ವಿಹಾರದೋಣಿಯ ರೇಡಾರು

ನಮ್ಮ ಲಾಯಿಲದಲ್ಲಿ ಕಡಲಿಲ್ಲ. ಮಂಗಳೂರಿನ ತೀರವು ಇಲ್ಲಿಂದ ಸುಮಾರು 60 ಕಿಲೋಮೀಟರು ದೂರ. ಆದರೂ ಈ ಸೀಮೆಯ ಮಳೆನೀರು ನೇತ್ರಾವತಿಯೊಡನೆ ಹರಿದು ಕಡಲನ್ನು ಸೇರುವಂತೆಯೇ ನಮ್ಮ ಮನೆಗಳ ಮಕ್ಕಳೂ ಉದ್ಯೋಗಾರ್ಥವಾಗಿ ಕರಾವಳಿಯ ಪಟ್ಟಣಗಳನ್ನೂ ಸಮುದ್ರದಾಚೆಯ ದೇಶಗಳನ್ನೂ ಸೇರಿರುವರು. ರಜೆಯ ದಿನಗಳಲ್ಲಿ ಅವರು ವೇಗದ ಮೋಟಾರುದೋಣಿಯನ್ನೇರಿ ಜಲವಿಹಾರಕ್ಕೆ ಹೊರಡುವುದುಂಟು. ಅಂತಹ ಕೆಲವು ದೋಣಿಗಳ ಮೇಲೆ ದುಂಡಗಿನ ಡಬ್ಬಿಯಂತಹ ಒಂದು ಉಪಕರಣವಿರುತ್ತದೆ. ಅದೇ ರೇಡಾರು. ಅದನ್ನು ಎಷ್ಟು ಬಾಗಿಸಿ ಕೂರಿಸಬೇಕೆಂಬುದು ಅಲ್ಪವಿಷಯವೆಂದು ತೋರಿದರೂ ಪ್ರಾಣಸಂಬಂಧವಾದುದು. ಆದುದರಿಂದ ಅದನ್ನು ಇಲ್ಲಿ ವಿವರಿಸುವೆವು.

ರೇಡಾರಿನ ತತ್ತ್ವವು ಸುಲಭ. ಬೆಟ್ಟದೆದುರು ನಿಂತು ಕೂಗಿದರೆ ಪ್ರತಿಧ್ವನಿ ಬರುವಂತೆ, ಈ ಯಂತ್ರವು ಕಳುಹಿದ ರೇಡಿಯೋ ತರಂಗಗಳು ಎದುರಿನ ವಸ್ತುವನ್ನು ತಾಕಿ ಹಿಂದಿರುಗುತ್ತವೆ. ಹೋಗಿಬರಲು ಹಿಡಿದ ಕಾಲದಿಂದ ದೂರವು ತಿಳಿಯುತ್ತದೆ. ತರಂಗಗಳಿಂದ ಹಡಗನ್ನು ಪತ್ತೆಹಚ್ಚಬಹುದೆಂದು ಜರ್ಮನಿಯ ಹ್ಯೂಲ್ಸ್‌ಮೆಯರ್ ಎಂಬವನು 1904ರಲ್ಲಿಯೇ ತೋರಿಸಿದ್ದನು. ಕತ್ತಲಿರಲಿ, ಮಂಜಿರಲಿ, ಈ ಕಣ್ಣಿಗೆ ಎರಡೂ ಸಮಾನ.

ಆದರೆ ಈ ಕಣ್ಣಿಗೂ ಒಂದು ಮಿತಿಯಿದೆ. ಇದರ ಕಿರಣವು ನೆಟ್ಟಗೆ ಹಿಡಿದ ಬೀಸಣಿಗೆಯಂತೆ ಅಡ್ಡಲಾಗಿ ಕಿರಿದು, ಮೇಲೆ ಕೆಳಗೆ ಅಗಲ. ಸಣ್ಣ ದೋಣಿಗಳ ರೇಡಾರಿನಲ್ಲಿ ಈ ಅಗಲವು ಸಾಮಾನ್ಯವಾಗಿ 25 ಡಿಗ್ರಿ. ಅಂದರೆ ದಿಗಂತರೇಖೆಯಿಂದ ಮೇಲಕ್ಕೆ 12.5, ಕೆಳಕ್ಕೆ 12.5. ಈ ಅಂಚಿನಲ್ಲಿ ಹೊರಡುವ ಬಲವು ನಡುವಿನ ಬಲದ ಅರ್ಧ ಮಾತ್ರ. ಮರಳಿ ಗ್ರಹಿಸುವಾಗಲೂ ಅರ್ಧವೇ. ಅರ್ಧದಲ್ಲಿ ಅರ್ಧವೆಂದರೆ ಕಾಲುಭಾಗವೆಂಬುದು ಶಾಲೆಯ ಬಾಲಕನಿಗೂ ವೇದ್ಯ.

ದೋಣಿ ನಿಂತಿರುವಾಗ ಮಟ್ಟಸವಾಗಿರುತ್ತದೆ. ವೇಗ ಹೆಚ್ಚಿದೊಡನೆ ಮುಂಭಾಗವು ನೀರಿನಿಂದ ಮೇಲಕ್ಕೇಳುತ್ತದೆ. ಅದರೊಡನೆ ರೇಡಾರಿನ ದೃಷ್ಟಿಯೂ ಆಕಾಶದತ್ತ ತಿರುಗುತ್ತದೆ. ರಾತ್ರಿ ಅಡಿಕೆತೋಟದಲ್ಲಿ ಟಾರ್ಚನ್ನು ಮರದ ತುದಿಗೆ ಹಿಡಿದು ನಡೆಯುವವನಿಗೆ ಕಾಲಬುಡದ ಹಾವು ಕಂಡೀತೆ? ಲೆಕ್ಕ ಹಾಕಿ ನೋಡೋಣ. ರೇಡಾರು ನೀರಿನಿಂದ 3 ಮೀಟರು ಎತ್ತರದಲ್ಲಿದ್ದು ಮಟ್ಟಸವಾಗಿದ್ದರೆ, ಕಿರಣದ ಕೆಳಗಿನ ಅಂಚು ಸುಮಾರು 13.5 ಮೀಟರು ಮುಂದೆ ನೀರನ್ನು ಮುಟ್ಟುತ್ತದೆ. ಮುಂಭಾಗವು 5 ಡಿಗ್ರಿ ಎದ್ದರೆ 23 ಮೀಟರು. 10 ಡಿಗ್ರಿ ಎದ್ದರೆ ಸುಮಾರು 69 ಮೀಟರು! ಅದರೊಳಗಿನದು ಮಸುಕು. ದೂರದ ವಸ್ತುಗಳಿಗೂ ಆಗ ಕಿರಣದ ನಡುವಿನ ಬಲವು ದೊರೆಯದೆ ಅಂಚಿನ ಕ್ಷೀಣಬಲವೇ ಗತಿಯಾಗುತ್ತದೆ. ಮರದ ಅಥವಾ ಫೈಬರಿನ ಸಣ್ಣ ದೋಣಿಯು ಮೊದಲೇ ಅಲ್ಪಪ್ರತಿಧ್ವನಿಯುಳ್ಳದ್ದು. ಅದು ತೆರೆಯ ಮೇಲೆ ಕಾಣದೆಯೇ ಹೋಗಬಹುದು.

ಇದಕ್ಕೆ ಪರಿಹಾರವು ಒಂದು ಬೆಣೆ. ದೋಣಿಯನ್ನು ವಾಡಿಕೆಯ ವೇಗದಲ್ಲಿ, ವಾಡಿಕೆಯಷ್ಟು ಜನರನ್ನೂ ಇಂಧನವನ್ನೂ ಹೊತ್ತಿರುವಾಗ ಓಡಿಸಿ, ಮುಂಭಾಗವು ಎಷ್ಟು ಡಿಗ್ರಿ ಎದ್ದಿದೆಯೆಂದು ರಸಮಟ್ಟದಂತಹ ಕೋನಮಾಪಕದಿಂದ ಅಳೆಯತಕ್ಕುದು. ನಿಂತ ದೋಣಿಯಲ್ಲಿ ಅಳೆದರೆ ಪ್ರಯೋಜನವಿಲ್ಲ. ಬಳಿಕ ರೇಡಾರಿನ ಪೀಠದ ಹಿಂಬದಿಗೆ ಬೆಣೆಯಿಟ್ಟು ಮುಂದಕ್ಕೆ ಅಷ್ಟೇ ಬಾಗಿಸತಕ್ಕುದು. ಪೀಠದ ಉದ್ದ 50 ಸೆಂಟಿಮೀಟರು, ಏರಿಕೆ 5 ಡಿಗ್ರಿ ಆದರೆ ಬೆಣೆಯ ಎತ್ತರ ಸುಮಾರು 4.4 ಸೆಂಟಿಮೀಟರು. ದೋಣಿ ನಿಂತಾಗ ಈ ಬಾಗುವಿಕೆಯು ಉಳಿಯುತ್ತದಾದರೂ 12.5ರೊಳಗಿನದಾದುದರಿಂದ ಹಾನಿ ಅಲ್ಪ. ಆದರೆ ಹೆಚ್ಚಿದಷ್ಟೂ ಲೇಸೆಂದು ಮಿತಿಮೀರಿ ಬಾಗಿಸಬಾರದು. ಅತಿ ಸರ್ವತ್ರ ವರ್ಜ್ಯ. ಭಾರವನ್ನು ಸ್ವಲ್ಪ ಮುಂದಕ್ಕೆ ಸರಿಸಿ ಮುಂಭಾಗದ ಏರಿಕೆಯನ್ನೇ ತಗ್ಗಿಸುವುದೂ ಯುಕ್ತ. ಮೇಲೆ ಹತ್ತಿ ಕೆಲಸ ಮಾಡುವ ಮುನ್ನ ರೇಡಾರಿನ ವಿದ್ಯುತ್ತನ್ನು ತಪ್ಪದೆ ನಿಲ್ಲಿಸಬೇಕು.

ಕಡಲಿನಲ್ಲಿ ಒಬ್ಬರನ್ನೊಬ್ಬರು ಕಾಣುವುದೆಂದರೆ ಏನೆಂಬುದನ್ನು ನಮ್ಮ ಕರಾವಳಿಯು ಚೆನ್ನಾಗಿ ಬಲ್ಲದು. 2021ರ ಎಪ್ರಿಲ್ 13ರ ನಡುರಾತ್ರಿ ಕಳೆದ ಮೇಲೆ, ಮಂಗಳೂರಿನಿಂದ ಸುಮಾರು 80 ಕಿಲೋಮೀಟರು ದೂರದ ಕಡಲಿನಲ್ಲಿ, ಬೇಪೂರಿನಿಂದ ಹೊರಟಿದ್ದ ರಾಬಾ ಎಂಬ ಮೀನುಗಾರಿಕೆಯ ದೋಣಿಗೂ ಒಂದು ಸರಕಿನ ಹಡಗಿಗೂ ಸಂಘಟ್ಟನೆಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಇಬ್ಬರು ಮಾತ್ರ ಬದುಕಿ ಬಂದರು. ಆ ದುರಂತದ ಕಾರಣವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಕತ್ತಲಿನಲ್ಲಿ ದುಡಿಯುವ ಬಡವರ ದೋಣಿಗಳು ಅಲ್ಲಿರುವುವೆಂಬುದನ್ನು ವಿಹಾರಕ್ಕೆ ಹೋಗುವವನು ಮರೆಯಬಾರದು. ಅವನ ರೇಡಾರು ಆಕಾಶವನ್ನು ನೋಡುತ್ತಿದ್ದರೆ ಅಪಾಯವು ಅವನೊಬ್ಬನದಲ್ಲ.

ಯಂತ್ರವಿದೆಯೆಂದು ಕಣ್ಣು ಮುಚ್ಚುವುದೂ ಸಲ್ಲದು. ಹಡಗುಗಳ ಸಂಘಟ್ಟನೆಯನ್ನು ತಡೆಯಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳು ಕಣ್ಣು ಕಿವಿಗಳ ಎಚ್ಚರವನ್ನು ಸದಾ ವಿಧಿಸುತ್ತವೆ. ರೇಡಾರಿನ ಅರೆಬರೆ ಸೂಚನೆಯನ್ನು ನಂಬಿ ತೀರ್ಮಾನಿಸಬಾರದೆಂದೂ ಸಾರುತ್ತವೆ. ಆದುದರಿಂದ ಮಗನೋ ಅಳಿಯನೋ ಹೊಸ ದೋಣಿಯ ಸುದ್ದಿ ಬರೆದಾಗ, ಅದರ ವೇಗವೆಷ್ಟೆಂದು ಕೇಳುವ ಮೊದಲು, ವೇಗದಲ್ಲಿ ಅದರ ರೇಡಾರು ಎತ್ತ ನೋಡುತ್ತದೆಂದು ಗೃಹಸ್ಥರು ವಿಚಾರಿಸಲಿ.