ಆನ್‌ಲೈನ್‌ನಲ್ಲಿ ಮಾರ್ತೀರಾ? ನಿಮ್ಮ ಲೆಕ್ಕ ಆಪ್ ಆಗಲೇ ಕೊಟ್ಟಾಗಿದೆ!

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ತರಹದ ಆಪ್‌ಗಳಲ್ಲಿ ಮಾರಾಟ ಮಾಡುವವರು ನನಗೆ ಪದೇ ಪದೇ ಕೇಳೋದು ಒಂದೇ ಪ್ರಶ್ನೆ. "ವರ್ಷಕ್ಕೆ, ಜಿಎಸ್‌ಟಿ ಬಿಟ್ಟು, 10 ಲಕ್ಷದ ಮಾಲು ಮಾರಿದೆ. ಕೈಗೆ ಬಂದಿದ್ದು ಏಳೂವರೆ ಲಕ್ಷ. ತೆರಿಗೆಗೆ ಯಾವ ಲೆಕ್ಕ ತೋರಿಸಲಿ?"

10 ಲಕ್ಷಾನೇ ತೋರಿಸಿ. ಯಾಕಂದ್ರೆ ನೀವು ಹೇಳೋ ಮೊದಲೇ ಆಪ್ ಅದನ್ನ ಸರ್ಕಾರಕ್ಕೆ ಹೇಳಿರುತ್ತೆ.

ಹೇಗೆ ಅಂತೀರಾ? ಎರಡು ದಾರಿ ಇದೆ. ಒಂದು, ಜಿಎಸ್‌ಟಿ ಕಡೆಯಿಂದ. ವಾಪಸ್ ಬಂದ ಮಾಲು ಕಳೆದು ಉಳಿದ ಮಾರಾಟದ ಮೇಲೆ ಆಪ್ 0.5% ಟಿಸಿಎಸ್ ಹಿಡಿಯುತ್ತೆ. 2024ರ ಜುಲೈಗೆ ಮೊದಲು ಇದು 1% ಇತ್ತು. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಜಿಎಸ್‌ಟಿಆರ್-8 ಅನ್ನೋ ಫಾರ್ಮ್‌ನಲ್ಲಿ ವರದಿ ಕೊಡುತ್ತೆ. ಎರಡು, ಆದಾಯ ತೆರಿಗೆ ಕಡೆಯಿಂದ. ಇಲ್ಲಿ ಹಿಡಿಯೋದು 0.1% ಟಿಡಿಎಸ್. ಇದು 2024ರ ಅಕ್ಟೋಬರ್‌ವರೆಗೆ 1% ಇತ್ತು.

ನಮ್ಮ 10 ಲಕ್ಷಕ್ಕೆ ಲೆಕ್ಕ ಹಾಕಿದ್ರೆ ಟಿಸಿಎಸ್ 5,000, ಟಿಡಿಎಸ್ 1,000 ರೂಪಾಯಿ. ಉಳಿದ ಕಡಿತವೆಲ್ಲ ಕಮಿಷನ್, ಕೊರಿಯರ್, ಜಾಹೀರಾತಿನ ಖರ್ಚು. ಅದನ್ನ ಪುಸ್ತಕದಲ್ಲಿ ಖರ್ಚು ಅಂತಲೇ ಬರೀಬೇಕು, ವಹಿವಾಟಿನಿಂದ ಕಳೆದು ತೋರಿಸಬಾರದು. ಕೈಗೆ ಬಂದ ಏಳೂವರೆ ಲಕ್ಷವನ್ನೇ ವಹಿವಾಟು ಅಂದ್ರೆ, ಆಪ್ ಕೊಟ್ಟ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆ ಆಗಲ್ಲ. ನೋಟಿಸ್ ಬರೋ ದಾರಿ ಅದೇ.

ಇನ್ನೊಂದು ವಿಷಯ. ಆ 6,000 ರೂಪಾಯಿ ನಿಮ್ಮದೇ ದುಡ್ಡು. ಟಿಡಿಎಸ್ ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗಿರುತ್ತೆ. ಐಟಿ ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ರೆ ರೀಫಂಡ್ ಬರುತ್ತೆ. ಟಿಸಿಎಸ್‌ಗೆ ಮಾತ್ರ ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ, ಆಪ್ ತೋರಿಸಿದ ಮೊತ್ತ ನೋಡಿ, ಒಪ್ಪಿಗೆ ಕೊಟ್ಟು ಫೈಲ್ ಮಾಡಬೇಕು. ಆಗಲೇ ಅದು ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರೋದು. ಸುಮ್ಮನಿದ್ರೆ ದುಡ್ಡು ಅಲ್ಲೇ ಕೂತಿರುತ್ತೆ.

ಸಣ್ಣ ಮಾರಾಟಗಾರರಿಗೆ ವಿನಾಯಿತಿ ಇಲ್ವಾ? ಇದೆ. ನೀವು ಒಬ್ಬ ವ್ಯಕ್ತಿಯಾಗಿ ಮಾರ್ತಿದ್ದು, ಆ ಆಪ್‌ನಲ್ಲಿ ವರ್ಷದ ಮಾರಾಟ 5 ಲಕ್ಷ ದಾಟದಿದ್ರೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ರೆ, ಟಿಡಿಎಸ್ ಹಿಡಿಯಲ್ಲ. ಕೊಡದಿದ್ರೆ ನೇರ 5% ಹೋಗುತ್ತೆ. ಆದ್ರೆ ಟಿಡಿಎಸ್ ಹಿಡಿದಿಲ್ಲ ಅಂದ್ರೆ ಆ ಆದಾಯಕ್ಕೆ ತೆರಿಗೆಯೇ ಇಲ್ಲ ಅಂತ ಅರ್ಥ ಅಲ್ಲ.

ಜಿಎಸ್‌ಟಿ ನಂಬರ್ ವಿಷಯದಲ್ಲಿ ಸ್ವಲ್ಪ ಹುಷಾರು. 2023ರ ಅಕ್ಟೋಬರ್‌ನಿಂದ ಒಂದು ಸಡಿಲಿಕೆ ಇದೆ. ಕರ್ನಾಟಕದೊಳಗೆ ಮಾತ್ರ ಮಾಲು ಮಾರ್ತಾ, ಒಟ್ಟು ವಹಿವಾಟು 40 ಲಕ್ಷದೊಳಗೆ ಇದ್ರೆ, ಪೂರ್ತಿ ನೋಂದಣಿ ಬೇಡ. ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರೆ ಸಾಕು. ಆದ್ರೆ ರಾಜ್ಯದ ಗಡಿ ದಾಟಿದ್ರೆ ಕಥೆ ಬೇರೆ. ಬೆಳಗಾವಿಯಿಂದ ಶೇಂಗಾ ಚಟ್ನಿ ಪುಡಿ ಹುಬ್ಬಳ್ಳಿಗೆ ಕಳಿಸಿದ್ರೆ ಸರಿ. ಪಕ್ಕದ ಕೊಲ್ಹಾಪುರದಿಂದ ಆಪ್‌ನಲ್ಲಿ ಆರ್ಡರ್ ತಗೋಬೇಕಾದ್ರೆ ಮೊದಲೇ ಜಿಎಸ್‌ಟಿ ನೋಂದಣಿ ಬೇಕು. ಒಂದೇ ಪ್ಯಾಕೆಟ್ ಇದ್ರೂ!

"ನಂದು ಬರೀ ಇನ್‌ಸ್ಟಾಗ್ರಾಮ್, ದುಡ್ಡು ಯುಪಿಐನಲ್ಲಿ ಬರುತ್ತೆ" ಅನ್ನೋರಿಗೂ ಒಂದು ಮಾತು. ಅಲ್ಲಿ ನಿಮ್ಮ ಪರವಾಗಿ ಟಿಡಿಎಸ್ ಹಿಡಿಯೋರು ಇಲ್ಲ ಅಷ್ಟೇ, ಆದಾಯ ಆದಾಯವೇ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿಯೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿದೆ ಅಲ್ವಾ?

ಹಾಗಾಗಿ ಈ ವಾರ ಮೂರು ಕೆಲಸ ಮಾಡಿ. ಆಪ್‌ನಿಂದ ಸೆಟಲ್‌ಮೆಂಟ್ ರಿಪೋರ್ಟ್ ಇಳಿಸಿಕೊಳ್ಳಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ತೆಗೆದು, ನಿಮ್ಮ ಹೆಸರಲ್ಲಿ ಎಷ್ಟು ಮಾರಾಟ ತೋರಿಸಿದ್ದಾರೆ ನೋಡಿ. ಎರಡನ್ನೂ ನಿಮ್ಮ ಪುಸ್ತಕದ ಜೊತೆ ತಾಳೆ ಹಾಕಿ. ವ್ಯತ್ಯಾಸ ಕಂಡ್ರೆ ರಿಟರ್ನ್ ಹಾಕೋ ಮೊದಲೇ ಆಪ್‌ನವರನ್ನ ಕೇಳಿ. ಆಮೇಲೆ ಕೇಳೋ ಸರದಿ ಇಲಾಖೆಯದ್ದು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.