ಫಿಗ್ಮಾ ಚಿತ್ರದಿಂದ ಕನ್ನಡ ವೆಬ್ ಪುಟಕ್ಕೆ: ಒತ್ತಕ್ಷರ ಯಾಕೆ ಕಟ್ ಆಗುತ್ತೆ?

ಹೌಜ್ ಖಾಸ್‌ನಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲದವರಿಗೆ, ಮೆಟ್ರೋದಲ್ಲಿ ಓದಿಕೊಳ್ಳೋರಿಗೆ ಅದರ ಬರಹ ರೂಪ ಇಲ್ಲಿದೆ. ಮಾತಲ್ಲಿ ಹೇಳಿದ್ದನ್ನ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ, ಅಷ್ಟೆ.

ಇವತ್ತಿನ ವಿಷಯ: ಡಿಸೈನರ್ ಕೊಟ್ಟ ಚಿತ್ರವನ್ನ ಕೆಲಸ ಮಾಡೋ ವೆಬ್ ಪುಟವಾಗಿ ಮಾಡೋದು ಹೇಗೆ, ಅದೂ ಕನ್ನಡ ಪುಟ.

ಒಂದು ಉದಾಹರಣೆ ಇಟ್ಕೊಳ್ಳೋಣ. ದೆಹಲಿಯ ಒಂದು ಕನ್ನಡ ಸಂಘಕ್ಕೆ ನವೆಂಬರ್ 1ರ ರಾಜ್ಯೋತ್ಸವದ ಪುಟ ಬೇಕು. ಮೇಲೆ ದೊಡ್ಡ ಶೀರ್ಷಿಕೆ, ಕೆಳಗೆ ಕಾರ್ಯಕ್ರಮದ ಮೂರು ಕಾರ್ಡ್, ಅಕ್ಕಪಕ್ಕ ಎರಡು ಬಟನ್, ಕೊನೆಗೆ ಹೆಸರು ನೋಂದಾಯಿಸೋ ಫಾರ್ಮ್. ನಮ್ಮ ಪಕ್ಕದ ಶಾಹಪುರ್ ಜಾಟ್‌ನ ಒಬ್ಬ ಡಿಸೈನರ್ ಫಿಗ್ಮಾದಲ್ಲಿ ಅದನ್ನ ಚೆನ್ನಾಗಿ ಮಾಡಿಕೊಟ್ಟಿದ್ದಾರೆ. ಅವರಿಗೆ ಕನ್ನಡ ಬರಲ್ಲ. ಹಾಗಾಗಿ ಚಿತ್ರದಲ್ಲಿ ಇಂಗ್ಲಿಷ್ ಸಾಲುಗಳಿವೆ, ಜೊತೆಗೆ ಹಿಂದಿಯಲ್ಲೂ ಒಮ್ಮೆ ಹಾಕಿ ನೋಡಿದ್ದಾರೆ. ಎರಡರಲ್ಲೂ ಸರಿಯಾಗಿದೆ. ಕನ್ನಡ ಹಾಕಿದ ತಕ್ಷಣ ಪುಟ ಕೆಡುತ್ತೆ. ಯಾಕೆ?

ಮೊದಲು ಅಳತೆ ಅಲ್ಲ, ಅರ್ಥ

ಚಿತ್ರದಲ್ಲಿ ಎಲ್ಲದರ ಅಗಲ, ಎತ್ತರ ಪಿಕ್ಸೆಲ್ ಲೆಕ್ಕದಲ್ಲಿ ನಿಂತಿರುತ್ತೆ. ಪುಟ ಹಾಗಲ್ಲ. ಓದುವವರ ಫೋನ್ ಯಾವುದು, ಅವರು ಅಕ್ಷರ ಎಷ್ಟು ದೊಡ್ಡದು ಮಾಡ್ಕೊಂಡಿದ್ದಾರೆ, ನೆಟ್ ಹೇಗಿದೆ, ಇದ್ಯಾವುದೂ ಡಿಸೈನರ್ ಕೈಯಲ್ಲಿಲ್ಲ. ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಅಂತ ಹೆಸರಿಟ್ಟು ಹೇಳಿದ್ದು ಇದನ್ನೇ: ಪುಟ ಪರದೆಗೆ ತಕ್ಕಂತೆ ಹಿಗ್ಗಬೇಕು, ಕುಗ್ಗಬೇಕು.

ಅದಕ್ಕೇ ಚಿತ್ರ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು ‘ಇದು ಎಷ್ಟು ಪಿಕ್ಸೆಲ್’ ಅಂತಲ್ಲ, ‘ಇದು ಏನು’ ಅಂತ. ಶೀರ್ಷಿಕೆಯೋ, ಪಟ್ಟಿಯೋ, ಬಟನ್ನೋ, ಲಿಂಕೋ? ಅದಕ್ಕೆ ಸರಿಯಾದ ಎಚ್‌ಟಿಎಂಎಲ್ ಟ್ಯಾಗ್ ಹಾಕಿ, ಬಣ್ಣ ಗಿಣ್ಣ ಏನೂ ಇಲ್ಲದೆ ಪುಟವನ್ನ ಮೇಲಿಂದ ಕೆಳಗೆ ಓದಿ. ಹಾಗೆ ಓದಿದರೂ ಅರ್ಥ ಆಗಬೇಕು. ಪುಟದ ಭಾಷೆ ಕನ್ನಡ ಅಂತ ‘ಲ್ಯಾಂಗ್’ ಗುಣದಲ್ಲಿ ಹೇಳೋದು ಮರೀಬೇಡಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳೋ ಸ್ಕ್ರೀನ್ ರೀಡರ್, ಕನ್ನಡ ದನಿ ಆರಿಸಿಕೊಳ್ಳೋದು ಅದನ್ನ ನೋಡಿ.

ಹಿಂದಿಗೆ ಇರೋ ಫಾಂಟ್ ಕನ್ನಡಕ್ಕೆ ಇಲ್ಲ

ಡಿಸೈನರ್ ಪಾಪಿನ್ಸ್ ಫಾಂಟ್ ಹಾಕಿದ್ದಾರೆ ಅನ್ನಿ. ಅದರಲ್ಲಿ ಇಂಗ್ಲಿಷ್ ಇದೆ, ದೇವನಾಗರಿ ಇದೆ, ಕನ್ನಡ ಇಲ್ಲ. ಬ್ರೌಸರ್ ಎರರ್ ಕೊಡಲ್ಲ. ಸುಮ್ಮನೆ ಆ ಸಾಧನದಲ್ಲಿರೋ ಇನ್ನೊಂದು ಕನ್ನಡ ಫಾಂಟ್ ತಂದು ಹಾಕುತ್ತೆ: ಹಳೇ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ ಯುಐ, ಆಪಲ್‌ನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ. ಒಂದೇ ಪುಟ, ಒಂದೊಂದು ಕಡೆ ಒಂದೊಂದು ಅಗಲ, ಒಂದೊಂದು ಎತ್ತರ. ಆದ್ದರಿಂದ ಫಾಂಟನ್ನ ನಾವೇ ಆರಿಸಬೇಕು. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೋ ಕನ್ನಡ ಎಲ್ಲ ಪುಕ್ಕಟೆ ಸಿಗುತ್ತವೆ. ಫಾಂಟ್ ಇಳಿಯೋ ತನಕ ಪುಟ ಖಾಲಿ ಕಾಣದ ಹಾಗೆ ‘ಫಾಂಟ್-ಡಿಸ್‌ಪ್ಲೇ’ಗೆ ‘ಸ್ವಾಪ್’ ಕೊಡಿ.

ಕತ್ತೆ ಕತೆಯಾಗೋದು ಹೀಗೆ

ಈಗ ಮುಖ್ಯ ವಿಷಯ. ದೇವನಾಗರಿಯಲ್ಲಿ ಸಂಯುಕ್ತಾಕ್ಷರ ಹೆಚ್ಚಾಗಿ ಪಕ್ಕಕ್ಕೆ ಸೇರಿಕೊಳ್ಳುತ್ತೆ. ನಮ್ಮ ಒತ್ತು ಹೆಚ್ಚಾಗಿ ಕೆಳಕ್ಕೆ ಇಳಿಯುತ್ತೆ. ‘ರಾಷ್ಟ್ರ’, ‘ವಸ್ತ್ರ’ದಂಥ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಹಿಂದಿಯಲ್ಲಿ ಪಾಸಾದ ಪುಟ ಕನ್ನಡದಲ್ಲಿ ಫೇಲಾಗೋದು ಇಲ್ಲೇ.

ಇಂಗ್ಲಿಷ್ ಚಿತ್ರದಲ್ಲಿ ಶೀರ್ಷಿಕೆಗೆ ಲೈನ್-ಹೈಟ್ 1.2 ಇರೋದು ಮಾಮೂಲಿ. 16 ಪಿಕ್ಸೆಲ್ ಅಕ್ಷರಕ್ಕೆ ಅದು 19.2 ಪಿಕ್ಸೆಲ್ ಆಯ್ತು. ಕನ್ನಡದಲ್ಲಿ ಅಷ್ಟು ಸಾಲಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತೆ. ಕಾರ್ಡ್‌ಗೆ ಎತ್ತರ ಗಟ್ಟಿ ಮಾಡಿ, ಮಿಕ್ಕಿದ್ದನ್ನ ಮರೆಮಾಡಿ ಅಂತ ಸಿಎಸ್‌ಎಸ್‌ನಲ್ಲಿ ಹೇಳಿದ್ದರೆ ಇನ್ನೂ ಕಷ್ಟ, ಕೊನೇ ಸಾಲಿನ ಒತ್ತು ಕತ್ತರಿಸಿ ಹೋಗುತ್ತೆ. ಆಗ ‘ಹಳ್ಳಿ’ ಹಳಿ ಆಗುತ್ತೆ, ‘ಗದ್ದೆ’ ಗದೆ ಆಗುತ್ತೆ, ‘ಕತ್ತೆ’ ಕತೆ ಆಗುತ್ತೆ. ರಾಜ್ಯೋತ್ಸವದ ಪುಟದಲ್ಲಾದರೆ ನಕ್ಕು ಬಿಡಬಹುದು. ಪಹಣಿ, ಪಿಂಚಣಿ, ಆಸ್ಪತ್ರೆ ಫಾರ್ಮ್‌ನಲ್ಲಾದರೆ ಊರಲ್ಲಿರೋ ಅಪ್ಪ ‘ಇದು ನನಗೆ ತಿಳಿಯಲ್ಲ’ ಅಂತ ಫೋನ್ ಕೆಳಗಿಡ್ತಾರೆ. ಅವರಿಗೆ ಓದೋಕೆ ಬರಲ್ಲ ಅಂತಲ್ಲ, ನಾವು ಓದೋ ಹಾಗೆ ಇಟ್ಟಿಲ್ಲ.

ಪರಿಹಾರ ಸುಲಭ. ಪ್ಯಾರಾಗೆ ಲೈನ್-ಹೈಟ್ 1.6ರಿಂದ ಶುರು ಮಾಡಿ, ಶೀರ್ಷಿಕೆಗೆ 1.4ರ ಆಸುಪಾಸು, ಆಮೇಲೆ ಫಾಂಟ್ ನೋಡಿ ಹೆಚ್ಚುಕಮ್ಮಿ ಮಾಡಿ. ‘ಹೈಟ್’ ಬದಲು ‘ಮಿನ್-ಹೈಟ್’ ಬಳಸಿ, ಪಠ್ಯ ಬೆಳೆದರೆ ಡಬ್ಬಿಯೂ ಬೆಳೆಯಲಿ.

ಉದ್ದ ಪದ, ಚಿಕ್ಕ ಬಟನ್

360 ಪಿಕ್ಸೆಲ್ ಅಗಲದ ಫೋನ್ ತಗೊಳ್ಳಿ. ಎರಡು ಬದಿ 16ರಂತೆ ಬಿಟ್ಟರೆ ಉಳಿದದ್ದು 328. ನಡುವೆ 12 ಬಿಟ್ಟು ಎರಡು ಬಟನ್ ಇಟ್ಟರೆ ಒಂದೊಂದಕ್ಕೆ 158. ಬಟನ್ ಒಳಗೆ ಎರಡು ಕಡೆ 16 ಬಿಟ್ಟರೆ ಪಠ್ಯಕ್ಕೆ ಸಿಗೋದು 126. ಇಂಗ್ಲಿಷಿನ ‘ರಿಜಿಸ್ಟರ್’ ಆರಾಮಾಗಿ ಕೂರುತ್ತೆ. ‘ನೋಂದಾಯಿಸಿಕೊಳ್ಳಿ’ ಅಂತ ಹಾಕಿದರೆ ಅಂಚಿಗೆ ಬಂದು ನಿಲ್ಲುತ್ತೆ, ಒಂದೇ ಪದ ಆದ್ದರಿಂದ ಮುರಿದು ಕೆಳಗೂ ಹೋಗಲ್ಲ. ಕನ್ನಡದಲ್ಲಿ ಪ್ರತ್ಯಯ ಸೇರ್ತಾ ಸೇರ್ತಾ ಪದ ಉದ್ದ ಆಗೋದು ಸಹಜ. ಜಾಗ ಸಾಲದಿದ್ದರೆ ಎರಡನೇ ಬಟನ್ ತಾನೇ ಕೆಳಗಿಳಿಯೋ ಹಾಗೆ ‘ಫ್ಲೆಕ್ಸ್-ರ‍್ಯಾಪ್’ ಹಾಕಿ. ‘ಹೆಸರು ಕೊಡಿ’ ಅಂತ ಸರಳವಾಗಿ ಬರೆದರೆ ಇನ್ನೂ ಒಳ್ಳೇದು.

ಕೋಡ್‌ನಲ್ಲಿ ಅಕ್ಷರ ಎಣಿಸಬೇಡಿ

‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್‌ಗೆ ಅದು 6 ಸಂಕೇತ: ಸ, ಅರ್ಧಚಿಹ್ನೆ, ತ, ಮತ್ತೆ ಅರ್ಧಚಿಹ್ನೆ, ರ, ದೀರ್ಘದ ಗುಣಿತ. ಕಾರ್ಡ್‌ನಲ್ಲಿ ‘40 ಅಕ್ಷರ ಆದ ಮೇಲೆ ಚುಕ್ಕಿ ಹಾಕು’ ಅಂತ ಕೋಡ್ ಬರೆದರೆ ಅಕ್ಷರದ ಮಧ್ಯಕ್ಕೇ ಕತ್ತರಿ ಬೀಳುತ್ತೆ. ಕಡಿಯಲೇಬೇಕಿದ್ದರೆ ಪದ ಮುಗಿದ ಕಡೆ ಕಡಿಯಿರಿ.

ಹಾಗೇ ಡಿಸೈನ್‌ನಲ್ಲಿರೋ ಕೆಲವು ಇಂಗ್ಲಿಷ್ ಅಲಂಕಾರ ಬಿಟ್ಟುಬಿಡಿ. ಕ್ಯಾಪಿಟಲ್ ಅಕ್ಷರ ನಮಗಿಲ್ಲ. ಇಟಾಲಿಕ್ ಕೇಳಿದರೆ ಬ್ರೌಸರ್ ಅಕ್ಷರವನ್ನ ಸುಮ್ಮನೆ ಓರೆ ಮಾಡುತ್ತೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಪದ ಬಿಡಿಬಿಡಿಯಾಗಿ ಕಾಣುತ್ತೆ. ಒತ್ತಿ ಹೇಳಬೇಕಾದ ಕಡೆ ದಪ್ಪ ಅಕ್ಷರ ಅಥವಾ ಬಣ್ಣ ಸಾಕು.

ಪಠ್ಯವನ್ನ ಚಿತ್ರ ಮಾಡಿ ಅಂಟಿಸಬೇಡಿ

ಇಷ್ಟೆಲ್ಲ ಕಷ್ಟ ಯಾಕೆ, ಶೀರ್ಷಿಕೆಯನ್ನ ಇಮೇಜ್ ಮಾಡಿ ಹಾಕಿಬಿಡೋಣ ಅಂತ ಅನ್ನಿಸುತ್ತೆ. ಆಗ ಹುಡುಕಿದರೆ ಸಿಗೋದು, ಕಾಪಿ ಮಾಡೋದು, ದೊಡ್ಡದು ಮಾಡಿ ಓದೋದು, ಎಲ್ಲಕ್ಕೂ ತೊಂದರೆ. ಸಂಘದವರು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಅದನ್ನೂ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತೆ.

ಕೊನೆಗೆ ಟೆಸ್ಟ್. ‘ರಾಷ್ಟ್ರೋತ್ಥಾನ’, ‘ಸ್ತ್ರೀ’, ‘ನೋಂದಾಯಿಸಿಕೊಳ್ಳಬೇಕಾಗಿದೆ’ ಈ ಮೂರನ್ನ ಪುಟದ ಎಲ್ಲ ಡಬ್ಬಿಗಳಲ್ಲೂ ಹಾಕಿ ನೋಡಿ. ಫೋನ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ ಇನ್ನೊಮ್ಮೆ ನೋಡಿ. ಡಿಸೈನರ್‌ಗೂ ಈ ಮೂರು ಪದ ಮೊದಲೇ ಕಳಿಸಿ, ಚಿತ್ರ ಬರೆಯುವಾಗಲೇ ಅಂಟಿಸಿಕೊಳ್ಳಲಿ. ಅವರಿಗೆ ಕನ್ನಡ ಬರಬೇಕಾಗಿಲ್ಲ, ಒತ್ತು ಎಲ್ಲಿ ತನಕ ಇಳಿಯುತ್ತೆ ಅಂತ ಕಣ್ಣಿಗೆ ಕಂಡರೆ ಸಾಕು.

ಮುಂದಿನ ವಿಡಿಯೋದಲ್ಲಿ ಇದೇ ಪುಟದ ಫಾರ್ಮ್ ತಗೊಂಡು, ಕನ್ನಡದಲ್ಲಿ ಟೈಪ್ ಮಾಡಿದ ಹೆಸರನ್ನ ಸರಿಯಾಗಿ ಉಳಿಸಿಡೋದು ಹೇಗೆ ಅಂತ ನೋಡೋಣ.