ಕಣಿವೆಯ ಮೇಲಿನವರು, ಕೆಳಗಿನವರು

ಮಳೆಗಾಲದಲ್ಲಿ ಹಿರಿಯೂರಿನ ಟೀ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು: 'ಡ್ಯಾಮಿಗೆ ಎಷ್ಟಡಿ ಬಂತಂತೆ?' ಡ್ಯಾಮೆಂದರೆ ಮಾರಿಕಣಿವೆ, ತುಂಬಿದರೆ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ಕೋಡಿ ಎಂಬುದು ಈ ಸೀಮೆಯಲ್ಲಿ ಅಜ್ಜಂದಿರು ಹೇಳುವ ಕಥೆಯಾಗಿತ್ತು.

ಕಣಿವೆಯ ಕಥೆ ಕಟ್ಟೆಗಿಂತ ಬಹಳ ಹಳೆಯದು. ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ವೇದಾ, ಆವತಿ ಎಂಬೆರಡು ಹೊಳೆ ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗಿ ಹೊಸದುರ್ಗದ ಬಯಲಿಗೆ ಬರುತ್ತವೆ. ಮುಂದೆ ಬೆಟ್ಟಸಾಲು ಅಡ್ಡ. ನೀರು ನುಸುಳಲು ಇರುವುದು ಒಂದೇ ಸಂದಿ. ಆ ಸಂದಿ ಮಾರಮ್ಮನದು, ಕಣಿವೆಗೆ ಅವಳದೇ ಹೆಸರು. ಇಂದಿಗೂ ಅಣೆಕಟ್ಟೆ ನೋಡಲು ಬಂದವರು ಕಣಿವೆ ಮಾರಮ್ಮನಿಗೆ ಕೈಮುಗಿಯದೆ ಹೋಗುವುದು ಕಡಿಮೆ.

ಈ ಬೆಟ್ಟಸಾಲಿನ ಆಸುಪಾಸಿನ ಜನರಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಮತ್ತೋಡಿನಲ್ಲಿ ಬಳೆ ಮಾಡುತ್ತಿದ್ದವರ ಮೇಲೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಪಾಳೆಯಗಾರರ ಊರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸವನ್ನು ನೋಡಿ ವಿವರವಾಗಿ ಬರೆದಿಟ್ಟ. ಹೊಲಕ್ಕೆ ಕೇಡೆಂದು ರೈತ ಬೈಯುವ ಸೌಳು ಮಣ್ಣೇ ಇವರ ಬಂಡವಾಳವಾಗಿತ್ತು. ಅದರ ಉಪ್ಪನ್ನು ಬೆಣಚುಕಲ್ಲಿನ ಪುಡಿಯೊಂದಿಗೆ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಕೆಂಡದಂಥ ಗಾಜಿನ ಉಂಡೆಯನ್ನು ಕಬ್ಬಿಣದ ಸಲಾಕೆಯ ತುದಿಗೆ ಹಿಡಿದು, ತೂತು ಮಾಡಿ, ಮಣ್ಣಿನ ಗೋಪುರದಂಥ ಅಚ್ಚಿಗೆ ಏರಿಸಿ ಗಿರಗಿರನೆ ತಿರುಗಿಸಿದರೆ ಉಂಗುರ ಅಗಲವಾಗುತ್ತ ಬಳೆಯಾಗುತ್ತಿತ್ತು. ಕೈ ಒಂದು ಚೂರು ತಡವಾದರೂ ಗಾಜು ಗಟ್ಟಿ. ಬರಡು ನೆಲದಿಂದ ಬಣ್ಣದ ಬಳೆ ತೆಗೆದ ಈ ಜನರ ಹೆಸರನ್ನು ಯಾವ ಶಾಸನವೂ ಉಳಿಸಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಇದೇ ಸೀಮೆಯ ದನಗಾಹಿಗಳಾದ ಕಾಡುಗೊಲ್ಲರ ಪಾಡು ಬೇರೆ. ಬರೆದಿಡುವ ಕೆಲಸವನ್ನು ಅವರು ಹಾಡಿಗೇ ಒಪ್ಪಿಸಿದರು. ಅವರು ಪೂಜಿಸುವ ವೀರರಾದ ಜುಂಜಪ್ಪ, ಎತ್ತಪ್ಪರ ಕಥೆಗಳು ಹಟ್ಟಿಯಿಂದ ಹಟ್ಟಿಗೆ ಬಾಯಲ್ಲೇ ಸಾಗಿ ಬಂದಿವೆ. ಜುಂಜಪ್ಪನಿಗೆ ಮೀಸಲಾದ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಈಗಲೂ ನುಡಿಯುತ್ತದೆ.

1876-78ರ ಬರ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನರನ್ನು ನುಂಗಿತು. ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಇಲ್ಲಿ ಕಟ್ಟೆಯ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ವಾಣಿವಿಲಾಸ ಸಾಗರವೆಂಬ ಹೆಸರು ಬಂತು. 1,330 ಅಡಿ ಉದ್ದದ ಕಲ್ಲಿನ ಗೋಡೆ. ಹಿಡಿದಿರುವುದು ಸುಣ್ಣ-ಸುರ್ಕಿಯ ಗಾರೆ. ಹಿಂದೆ ನಿಲ್ಲುವುದು 30 ಟಿಎಂಸಿ ನೀರು. ಕೆಳಗಿನ ಹಿರಿಯೂರು ಸೀಮೆಗೆ ಎಡ-ಬಲ ನಾಲೆ ಬಂದವು, ತೆಂಗು-ಅಡಿಕೆ ಬಂದವು. ಕುಡಿಯುವ ನೀರು ಚಿತ್ರದುರ್ಗದವರೆಗೂ ಹೋಯಿತು.

ಆದರೆ ಜಲಾನಯನ ದೊಡ್ಡದಾದರೂ ಮಳೆ ಸಾಲದು. ಮೇಲೆ ಕೆರೆಗಳೂ ಬಹಳ, ಅವು ತುಂಬಿ ಉಳಿದದ್ದು ಕಟ್ಟೆಗೆ. ಕೊಳವೆಬಾವಿಗಳು ಬತ್ತಿ ತೋಟಗಳು ಒಣಗಿದಾಗ ಕೆಳಗಿನ ರೈತರು ಭದ್ರಾ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2019ರಲ್ಲಿ ಭದ್ರೆಯಿಂದ ಎತ್ತಿದ ನೀರು ವೇದಾವತಿಯ ಪಾತ್ರದಲ್ಲೇ ಇಳಿದು ಬಂತು. ಅದರ ಜೊತೆಗೆ ಒಳ್ಳೆಯ ಮಳೆಯೂ ಕೂಡಿ 2022ರಲ್ಲಿ ಕೋಡಿ, 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ. ಬಾಗಿನ ಬಿಡಲು, ಬರೀ ನೋಡಲು ಜನ ಬಂದೇ ಬಂದರು.

ಅದೇ ಹೊತ್ತಿಗೆ ಕಟ್ಟೆಯ ಮೇಲ್ಗಡೆ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ, ತೋಟಕ್ಕೆ ನೀರು ನುಗ್ಗಿತ್ತು. ದಶಕಗಟ್ಟಲೆ ಒಣಗಿದ್ದ ನೆಲವನ್ನು ತಮ್ಮದೆಂದೇ ಉತ್ತು ತೆಂಗು ನೆಟ್ಟವರು ಅಲ್ಲಿಯ ರೈತರು. ಮನೆಗೂ ನೀರು ಬಂದಾಗ ಸಾಮಾನು ಹೊತ್ತು ಎತ್ತರದ ಜಾಗಕ್ಕೆ ಹೋಗಬೇಕಾಯಿತು. ಅಲ್ಲಿಯೂ ದಿನಾ ಬೆಳಗ್ಗೆ ಕೇಳುತ್ತಿದ್ದುದು ಅದೇ ಪ್ರಶ್ನೆ, ಡ್ಯಾಮಿಗೆ ಎಷ್ಟಡಿ ಬಂತಂತೆ.